ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕಟಕಟ ಸದ್ದು: ಹೊಸ ಆಯಿಲ್ ಫಿಲ್ಟರ್ ಕೂಡ ಕೆಟ್ಟಿರುತ್ತಾ?

ಪ್ರಶ್ನೆ: ಸರ್ವಿಸ್‌ನಲ್ಲಿ ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಾಯಿಸಿದರು. ಅಂದಿನಿಂದ ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಮೂರ್ನಾಲ್ಕು ಸೆಕೆಂಡ್ ಕಟಕಟ ಅನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಫಿಲ್ಟರ್ ಹೊಸದು, ಡಬ್ಬ ಒಡೆದು ನನ್ನ ಕಣ್ಣೆದುರೇ ಹಾಕಿದ್ದು. ಹೊಸ ಫಿಲ್ಟರ್ ಕೂಡ ಕೆಟ್ಟಿರುತ್ತಾ?

ಉತ್ತರ: ಕೆಟ್ಟಿರಬಹುದು. ನೀವು ಹೇಳುವ ಸದ್ದು ಕೇಳಿದರೆ ನನ್ನ ಮೊದಲ ಅನುಮಾನ ಫಿಲ್ಟರ್ ಒಳಗಿರುವ ಒಂದು ರಬ್ಬರ್ ಬಿಲ್ಲೆಯ ಮೇಲೆ. ಹಾಗಂತ ಈಗಲೇ ಗ್ಯಾರೇಜಿಗೆ ಜಗಳಕ್ಕೆ ಹೋಗಬೇಡಿ, ಮೊದಲು ಒಂದೆರಡು ವಿಷಯ ನೋಡಿಕೊಳ್ಳೋಣ.

ತೆರೆದ ಬಾವಿಯ ಪಂಪಿಗೆ ಫುಟ್‌ವಾಲ್ವ್ ಇರುತ್ತದಲ್ವಾ? ಅದು ಸೋರಿದರೆ ಪೈಪಿನ ನೀರೆಲ್ಲ ಬಾವಿಗೆ ಇಳಿದು, ಪ್ರತಿ ಸಲ ಕೊಡದಲ್ಲಿ ನೀರು ಹೊಯ್ದು ಪಂಪು ಚಾಲೂ ಮಾಡಬೇಕು. ಫಿಲ್ಟರ್‌ನಲ್ಲೂ ಇದೇ ಕತೆ. ಎಂಜಿನ್ ಆಫ್ ಆದಾಗ ಆಯಿಲ್ ಕೆಳಗಿನ ಸಂಪ್‌ಗೆ ಇಳಿಯುತ್ತದೆ. ಫಿಲ್ಟರ್ ಡಬ್ಬಿಯೊಳಗಿನ ಆಯಿಲ್ ಮಾತ್ರ ಇಳಿಯಬಾರದು. ಅದನ್ನು ತಡೆಯುವುದೇ ಆಂಟಿ ಡ್ರೈನ್‌ಬ್ಯಾಕ್ ವಾಲ್ವ್ ಅನ್ನುವ ಆ ಬಿಲ್ಲೆ. ಅದು ಸರಿಯಾಗಿ ಕೂರದಿದ್ದರೆ ರಾತ್ರಿಯಿಡೀ ಆಯಿಲ್ ಜಾರಿ ಡಬ್ಬಿ ಖಾಲಿಯಾಗುತ್ತದೆ. ಬೆಳಗ್ಗೆ ಪಂಪು ಮೊದಲು ಡಬ್ಬಿ ತುಂಬಬೇಕು, ಆಮೇಲೆ ಆಯಿಲ್ ಮೇಲಕ್ಕೆ ಹೋಗಬೇಕು. ಆ ಮೂರ್ನಾಲ್ಕು ಸೆಕೆಂಡ್ ಎಂಜಿನ್ ಬಡಿದುಕೊಳ್ಳುತ್ತದೆ.

ಈಗ ನಿಮ್ಮ ಕಾರಿನ ಬಾನೆಟ್ ಎತ್ತಿ, ಬೇಕಾದರೆ ಕೆಳಗೂ ಬಗ್ಗಿ, ಫಿಲ್ಟರ್ ಯಾವ ದಿಕ್ಕಿಗೆ ಕೂತಿದೆ ನೋಡಿ. ಅಡ್ಡಡ್ಡ ಅಥವಾ ಬಾಯಿ ಕೆಳಗಾಗಿ ಕೂತಿದ್ದರೆ ವಾಲ್ವ್ ಮೇಲಿನ ಅನುಮಾನ ಗಟ್ಟಿ. ಬಾಯಿ ಮೇಲಾಗಿ, ಲೋಟದ ಹಾಗೆ ನೇತಾಡುತ್ತಿದ್ದರೆ ವಾಲ್ವ್ ಸೋತರೂ ಆಯಿಲ್ ಡಬ್ಬಿಯಲ್ಲೇ ನಿಲ್ಲುತ್ತದೆ. ಆಗ ಟೈಮಿಂಗ್ ಚೈನ್ ಟೆನ್ಶನರ್ (ಎಂಜಿನ್ ಒಳಗಿನ ಚೈನನ್ನು ಬಿಗಿಯಾಗಿಡುವ ಭಾಗ), ಟ್ಯಾಪೆಟ್ (ಎಂಜಿನ್ ವಾಲ್ವ್‌ಗಳನ್ನು ಒತ್ತುವ ಭಾಗ) ಕಡೆ ಹುಡುಕಿ. ಎಂಜಿನ್ ಬಿಸಿಯಾದ ಮೇಲೂ ಸದ್ದು ಇದ್ದರೆ ಫಿಲ್ಟರ್ ಬಿಟ್ಟುಬಿಡಿ, ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟ ನೋಡಿ, ಹಾಕಿದ ಗ್ರೇಡ್ ಸರಿಯಿದೆಯಾ ಕೇಳಿ. ಇನ್ನು ಫಿಲ್ಟರ್ ಹಾಕಿದ ದಿನ ಮಾತ್ರ ಒಂದು ಸಲ ಸದ್ದಾಗಿದ್ದರೆ ಅದು ದೋಷವೇ ಅಲ್ಲ. ಖಾಲಿ ಡಬ್ಬಿ ತುಂಬಬೇಕಲ್ಲ.

ಹೋದ ವರ್ಷ ನನ್ನ ಕಾರಿಗೂ ಇದೇ ಕಾಯಿಲೆ ಬಂದಿತ್ತು. ಒಂದು ಬೆಳಗ್ಗೆ, ತಣ್ಣಗಿದ್ದಾಗಲೇ ಫಿಲ್ಟರ್ ಬಿಚ್ಚಿಸಿದೆ. ಅಡ್ಡ ಕೂರುವ ಫಿಲ್ಟರ್ ಅದು, ಬಿಚ್ಚಿದರೆ ಮೊಣಕೈವರೆಗೆ ಆಯಿಲ್ ಸುರಿಯಬೇಕು. ಸುರಿಯಲೇ ಇಲ್ಲ. ನಾಲ್ಕು ಚಮಚ ಬಂದಿರಬಹುದು. ಮನೆಗೆ ತಂದು ವೈಸ್‌ಗೆ ಕಚ್ಚಿಸಿ ಹ್ಯಾಕ್ಸಾದಲ್ಲಿ ಕೊಯ್ದೆ. (ನೀವು ಹೀಗೆ ಮಾಡಬೇಡಿ. ಲೋಹದ ಪುಡಿ ಒಳಗೆಲ್ಲ ಬಿದ್ದು, ಅದು ಎಂಜಿನ್ನಿನದೋ ಬ್ಲೇಡಿನದೋ ಗೊತ್ತಾಗುವುದಿಲ್ಲ. ಡಬ್ಬಿ ಸುತ್ತ ತಿರುಗಿಸಿ ಕತ್ತರಿಸುವ ಕಟ್ಟರ್ ಸಿಗುತ್ತದೆ.) ಒಳಗೆ ತಳದಲ್ಲಿ ಒಂದು ಸ್ಪ್ರಿಂಗ್, ನಡುವೆ ತೂತುಗಳ ಕೊಳವೆ, ಅದರ ಸುತ್ತ ಸೀರೆ ನೆರಿಗೆ ಹಿಡಿದ ಹಾಗೆ ಕಂದು ಕಾಗದ. ಎಲ್ಲ ನೀಟಾಗಿಯೇ ಇತ್ತು. ಬಾಯಿ ಹತ್ತಿರ ಬಂದರೆ ಕಪ್ಪು ರಬ್ಬರ್ ಬಿಲ್ಲೆ. ಅದರ ಅಂಚು ಒಂದು ಕಡೆ, ನನ್ನ ಹೆಬ್ಬೆರಳಿನ ಅಗಲದಷ್ಟು, ಚಪಾತಿ ಅಂಚು ಮಡಚಿಕೊಂಡ ಹಾಗೆ ಒಳಕ್ಕೆ ಮಡಚಿ ಕೂತಿತ್ತು. ಜೋಡಿಸುವಾಗಲೇ ಹಾಗೆ ಕೂತದ್ದು. ಅಷ್ಟೇ ದೋಷ.

ಕಾರ್ಖಾನೆಯಲ್ಲಿ ಇದನ್ನೆಲ್ಲ ಹಿಡಿಯುವುದಿಲ್ವಾ ಅಂತ ಕೇಳಬಹುದು. ಹೊರಗೆ ಸೋರುವ ದೋಷವನ್ನು ಚೆನ್ನಾಗಿಯೇ ಹಿಡಿಯುತ್ತಾರೆ. ಡಬ್ಬಿಗೆ ಗಾಳಿಯೊತ್ತಡ ಕೊಟ್ಟು ಸೋರುತ್ತದಾ ನೋಡುವುದು ಲೈನಿನಲ್ಲೇ ಆಗುವ ಪರೀಕ್ಷೆ. ಫಿಲ್ಟರ್ ತಿರುಗಿಸಿ ಕೂರಿಸುವ ಥ್ರೆಡ್‌ನ ಅಳತೆ ಸರಿಯಿದೆಯಾ ಅಂತ ಗೇಜ್ ಹಾಕಿ ನೋಡುತ್ತಾರೆ. ಆದರೆ ಮುಖ್ಯ ಪರೀಕ್ಷೆಗಳು ಮಾಡಿದ ಫಿಲ್ಟರನ್ನೇ ಕೊಲ್ಲುವಂಥವು. ಎಷ್ಟು ಒತ್ತಡಕ್ಕೆ ಡಬ್ಬಿ ಸಿಡಿಯುತ್ತದೆ ಅಂತ ನೋಡಲು ಅದನ್ನು ಸಿಡಿಸಲೇಬೇಕು. ಎಷ್ಟು ಧೂಳು ಹಿಡಿಯುತ್ತದೆ ಅಂತ ನೋಡಲು ಧೂಳು ತುಂಬಿಸಲೇಬೇಕು. ಐಎಸ್‌ಒ 4548 ಅನ್ನುವ ಮಾನದಂಡದಲ್ಲಿ ಇವೆಲ್ಲ ಭಾಗ ಭಾಗವಾಗಿ ಇವೆ, ಡ್ರೈನ್‌ಬ್ಯಾಕ್ ವಾಲ್ವ್‌ಗೂ ಅದರಲ್ಲಿ ಒಂದು ಭಾಗ ಇದೆ. ಧೂಳಿನ ಪರೀಕ್ಷೆಗೆ ಬಳಸುವುದು ಅಮೆರಿಕದ ಅರಿಜೋನಾ ಮರುಭೂಮಿಯ ಧೂಳು, ಕಣದ ಗಾತ್ರ ಅಳೆದು ವಿಂಗಡಿಸಿದ್ದು. ನಮ್ಮ ರಸ್ತೆ ಧೂಳಿಗೆ ಈ ಮರ್ಯಾದೆ ಸಿಕ್ಕಿಲ್ಲ! ಇಂಥ ಪರೀಕ್ಷೆಗಳನ್ನು ಬ್ಯಾಚಿನಿಂದ ಕೆಲವೇ ಫಿಲ್ಟರ್ ಎತ್ತಿಕೊಂಡು ಮಾಡುತ್ತಾರೆ. ಎತ್ತಿಕೊಳ್ಳದೆ ಉಳಿದದ್ದರಲ್ಲಿ ಒಂದರ ರಬ್ಬರ್ ಮಡಚಿದ್ದರೆ ಅದು ನೇರ ನಿಮ್ಮ ಕಾರಿಗೆ ಬರುತ್ತದೆ.

ನನಗೆ ತುಂಬ ಇಷ್ಟವಾದ ಪರೀಕ್ಷೆ ಗುಳ್ಳೆಯದು. ಕಾಗದದ ಎಲಿಮೆಂಟನ್ನು ಆಲ್ಕೋಹಾಲ್‌ನಲ್ಲಿ ಮುಳುಗಿಸಿ ಒಳಗಿನಿಂದ ಮೆಲ್ಲಗೆ ಗಾಳಿ ಬಿಡುತ್ತಾರೆ. ಎಲ್ಲಿ ತೂತು ದೊಡ್ಡದೋ ಅಲ್ಲಿ ಮೊದಲ ಗುಳ್ಳೆ ಏಳುತ್ತದೆ. ಸೈಕಲ್ ಟ್ಯೂಬ್ ಪಂಕ್ಚರ್ ಹುಡುಕಿದ ಹಾಗೆಯೇ. ನೆರಿಗೆಯ ಎರಡು ತುದಿ ಸೇರುವ ಜೋಡಣೆ, ಕಾಗದಕ್ಕೂ ಮುಚ್ಚಳಕ್ಕೂ ನಡುವಿನ ಅಂಟು, ಗುಳ್ಳೆ ಬರುವುದು ಹೆಚ್ಚಾಗಿ ಇಂಥ ಕಡೆ. ಕಾಗದಕ್ಕೆ ರೆಸಿನ್ ಕುಡಿಸಿ ಒಲೆಯಲ್ಲಿ ಬೇಯಿಸುತ್ತಾರೆ. ಬೇಯುವುದು ಕಡಿಮೆಯಾದರೆ ಬಿಸಿ ಆಯಿಲ್‌ನಲ್ಲಿ ಮೆತ್ತಗಾಗುತ್ತದೆ, ಜಾಸ್ತಿಯಾದರೆ ಹಪ್ಪಳದ ಹಾಗೆ ಬಿರುಕು ಬಿಡುತ್ತದೆ.

ನಿಮ್ಮ ದೋಷ ಸದ್ದು ಮಾಡುತ್ತಿದೆ, ಅದಕ್ಕೇ ಗೊತ್ತಾಯಿತು. ಕಾಗದ ಹರಿದಿದ್ದರೆ ಏನೂ ಕೇಳಿಸುವುದಿಲ್ಲ. ಬೈಪಾಸ್ ವಾಲ್ವ್ ಕತೆಯೂ ಅಷ್ಟೇ. ಕಾಗದ ಕಟ್ಟಿಕೊಂಡಾಗ ಎಂಜಿನ್ ಒಣಗಬಾರದು ಅಂತ ಸುಮಾರು 1 ಬಾರ್ ಒತ್ತಡ ವ್ಯತ್ಯಾಸಕ್ಕೆ ಅದು ತೆರೆದುಕೊಂಡು ಸೋಸದ ಆಯಿಲನ್ನೇ ಒಳಗೆ ಬಿಡುತ್ತದೆ. ಅದರ ಸ್ಪ್ರಿಂಗ್ ಸಡಿಲವಿದ್ದರೆ ಯಾವಾಗಲೂ ಸ್ವಲ್ಪ ಆಯಿಲ್ ಸೋಸದೆಯೇ ಹೋಗುತ್ತಿರುತ್ತದೆ. ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಬೇರಿಂಗ್ ಸವೆಸುವ ಕಣಗಳು ಅದಕ್ಕಿಂತ ಎಷ್ಟೋ ಸಣ್ಣವು. ವರ್ಷಗಟ್ಟಲೆ ಸವೆದ ಮೇಲೆ ಯಾರು ಫಿಲ್ಟರ್ ಮೇಲೆ ಅನುಮಾನ ಪಡುತ್ತಾರೆ ಹೇಳಿ?

ಮುಂದಿನ ಸಲ ಫಿಲ್ಟರ್ ಹಾಕುವ ಮೊದಲು ಕೈಗೆ ತೆಗೆದುಕೊಂಡು ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಒಂದೇ ನಿಮಿಷದ ಕೆಲಸ. ಥ್ರೆಡ್‌ನಲ್ಲಿ ಲೋಹದ ಚೂರು ಇರಬಾರದು. ನಡುವಿನ ಕೊಳವೆಯ ಕಿಂಡಿಗಳು ನಿಜವಾಗಿ ತೆರೆದಿರಬೇಕು, ಕೆಲವು ಸಲ ಅಚ್ಚು ಪೂರ್ತಿ ಒತ್ತದೆ ಅರ್ಧ ಮುಚ್ಚಿಯೇ ಇರುತ್ತವೆ. ಸುತ್ತಲಿನ ತೂತುಗಳ ಮೂಲಕ ರಬ್ಬರನ್ನು ಮೊಂಡು ಕಡ್ಡಿಯಲ್ಲಿ ಮೆಲ್ಲಗೆ ಒತ್ತಿದರೆ ಬಗ್ಗಿ ವಾಪಸ್ ಬರಬೇಕು. ಬಿಚ್ಚಿದ ಹಳೆ ಫಿಲ್ಟರ್‌ನ ಗ್ಯಾಸ್ಕೆಟ್, ಅಂದರೆ ಬಾಯಿಯ ಸುತ್ತಲಿನ ರಬ್ಬರ್ ಬಳೆ, ಎಂಜಿನ್ನಿಗೇ ಅಂಟಿಕೊಂಡಿಲ್ಲ ತಾನೇ? ಅದರ ಮೇಲೆ ಹೊಸದು ಕೂತರೆ ಆಯಿಲ್ ಚಿಮ್ಮುತ್ತದೆ, ಆಗ ಬೈಗುಳ ಮಾತ್ರ ಫಿಲ್ಟರ್ ಮಾಡಿದವರಿಗೆ.

ಸದ್ಯಕ್ಕೆ ನಿಮಗೆ ಅಗ್ಗದ ದಾರಿ, ಬೇರೆ ಬ್ಯಾಚಿನ ಅಥವಾ ಬೇರೆ ಕಂಪನಿಯ ಒಳ್ಳೆ ಫಿಲ್ಟರ್ ಹಾಕಿ ನೋಡುವುದು. ಎರಡು ಮೂರು ಬೆಳಗ್ಗೆ ಸದ್ದಿಲ್ಲದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಹಳೆಯದನ್ನು ಎಸೆಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಡಬ್ಬಿ ಮೇಲಿನ ಬ್ಯಾಚ್ ನಂಬರಿನ ಫೋಟೊ ತೆಗೆಯಿರಿ, ಬಿಲ್ ಇಟ್ಟುಕೊಳ್ಳಿ. ಅಂಗಡಿಯವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಮತ್ತೆ, ನನ್ನ ಹಾಗೆ ಕೊಯ್ಯಲು ಹೋಗಬೇಡಿ. ಮಡಚಿದ ರಬ್ಬರ್ ಹಿಡಿದುಕೊಂಡು ಅಂಗಡಿಗೆ ಹೋದರೆ, "ಕೊಯ್ದದ್ದಕ್ಕೆ ಬದಲಿ ಕೊಡಲ್ಲ ಸಾರ್" ಅಂದುಬಿಟ್ಟರು.