ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನಿಲ್ಲುವ ಮಳೆನೀರಲ್ಲಿ ಎಲೆಕ್ಟ್ರಿಕ್ ಕಾರು ಶಾಕ್ ಹೊಡೆಯುತ್ತದಾ?

ಪ್ರಶ್ನೆ: ಎಲೆಕ್ಟ್ರಿಕ್ ಕಾರಲ್ಲಿ ಎಂಜಿ ಕಾಮೆಟ್ ತಗೊಳ್ಳಲಾ, ಟಾಟಾ ಟಿಯಾಗೊ ಇವಿ ತಗೊಳ್ಳಲಾ? ನಮ್ಮ ಮಳೆಗೆ ಯಾವುದು ಸೇಫ್?

ಮತ್ತೆ ಅದೇ ಪ್ರಶ್ನೆ! ಮೊದಲರ್ಧ ಸುಲಭ. ಪೇಟೆಯೊಳಗೇ ಓಡಾಟ, ಹಂಪನಕಟ್ಟೆಯಲ್ಲಿ ಪಾರ್ಕಿಂಗ್ ಹುಡುಕಿ ಸಾಕಾಗಿದೆ ಅಂದರೆ ಕಾಮೆಟ್. ಉದ್ದ ಮೂರು ಮೀಟರೂ ಇಲ್ಲ. ಆದರೆ ಎರಡೇ ಬಾಗಿಲು. ಬುಕ್ ಮಾಡುವ ಮುಂಚೆ ಅಜ್ಜಿಯನ್ನು ಶೋರೂಮಿಗೆ ಕರೆದೊಯ್ದು ಹಿಂದಿನ ಸೀಟಿಗೆ ಹತ್ತಿಸಿ ನೋಡಿ. 17.3 ಯೂನಿಟ್ ಕರೆಂಟು ಹಿಡಿಸುವ ಅದರ ಬ್ಯಾಟರಿಗೆ ಡಿಸಿ ಫಾಸ್ಟ್ ಚಾರ್ಜಿಂಗ್ (ದಾರಿಯ ಸ್ಟೇಷನ್ನಿನಲ್ಲಿ ಬೇಗ ಚಾರ್ಜ್ ಮಾಡುವ ಸೌಲಭ್ಯ) ಇಲ್ಲ. ಆಗಾಗ ಉಡುಪಿಗೆ ಹೋಗಿ ಬರುವವರು, ಘಾಟಿ ಹತ್ತುವವರು 24 ಯೂನಿಟ್‌ನ ಟಿಯಾಗೊ ತಗೊಳ್ಳಿ.

ಈಗ ಮಳೆ. "ನೀರು ನಿಂತರೆ ಕರೆಂಟು ಪಾಸಾಗಿ ಒಳಗಿದ್ದವರು ಸಾಯ್ತಾರಂತೆ" ಅಂತ ಎಷ್ಟು ಜನ ಕೇಳಿದ್ದೀರಿ! ಇಲ್ಲ, ಹಾಗಾಗುವುದಿಲ್ಲ. ಈ ಎರಡೂ ಕಾರುಗಳ ಬ್ಯಾಟರಿ ಪೆಟ್ಟಿಗೆ ಐಪಿ67. ಅಂದರೆ ಒಂದು ಮೀಟರ್ ನೀರಲ್ಲಿ 30 ನಿಮಿಷ ಮುಳುಗಿಸಿಟ್ಟರೂ ಒಳಗೆ ನೀರು ಹೋಗಬಾರದು. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಮಾಮೂಲಿ 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ತಂತಿ ಕಾರಿನ ಲೋಹದ ಮೈಗೆ ಸೇರಿರುತ್ತದೆ. ಕಾರು ಓಡಿಸುವ ದೊಡ್ಡ ಬ್ಯಾಟರಿಯದ್ದು ಹಾಗಲ್ಲ, ಎರಡು ತಂತಿಯೂ ಆ ಮೈಗೆ ತಾಗದಂತೆ ಬೇರೆಯಾಗಿರುತ್ತವೆ. ಎಲ್ಲಾದರೂ ಸೋರಿಕೆ ಶುರುವಾದರೆ ಕಂಪ್ಯೂಟರ್ ಅದನ್ನು ಹಿಡಿಯುತ್ತದೆ, ಬ್ಯಾಟರಿಯ ಸಂಪರ್ಕ ಕಡಿಯುವ ವ್ಯವಸ್ಥೆಯೂ ಉಂಟು. ನಿಜವಾಗಿ ಕೊಟ್ಟಾರ ಚೌಕಿಯ ನೀರಿಗೆ ಹೆದರಬೇಕಾದ್ದು ಪೆಟ್ರೋಲ್ ಕಾರು. ಗಾಳಿ ಎಳೆಯುವ ಕಡೆ ನೀರು ಎಳೆದರೆ ಇಂಜಿನ್ನೇ ಹೋಯಿತು. ಹಾಗಂತ ಎಲೆಕ್ಟ್ರಿಕ್ ಕಾರನ್ನು ಹರಿಯುವ ನೀರಿಗೆ ಇಳಿಸಬೇಡಿ. ಯಾವ ಕಾರಾದರೂ ತೇಲಿ ಕೊಚ್ಚಿಹೋಗುತ್ತದೆ.

ನೀವು ಕೇಳಬೇಕಾಗಿದ್ದದ್ದು ಕಾರು ಚಾರ್ಜಿಗೆ ಹಾಕುವ ಮನೆಯ ಪ್ಲಗ್ಗಿನ ಬಗ್ಗೆ. ನಮ್ಮ ಹಳೇ ಮನೆಯ 15 ಆಂಪ್ ಸಾಕೆಟ್ ಒಂದೇ ತಿಂಗಳಲ್ಲಿ ಕಂದುಬಣ್ಣಕ್ಕೆ ತಿರುಗಿ, ಬಲಗಡೆ ತೂತು ಕರಗಿ ಓರೆಯಾಗಿತ್ತು. ಗೀಸರಾದರೆ ಹತ್ತು ನಿಮಿಷ, ಕಾರು ರಾತ್ರಿಯಿಡೀ ಎಳೆಯುತ್ತದೆ ಅಲ್ವಾ? ಮೀಟರಿಂದ ನೇರ 4 ಸ್ಕ್ವೇರ್ ಎಂಎಂ ವಯರು, ಬೇರೆಯೇ ಎಂಸಿಬಿ (ಕರೆಂಟು ಮಿತಿ ಮೀರಿದರೆ ಕಡಿಯುವ ಸ್ವಿಚ್ಚು), ಕರೆಂಟು ಸೋರಿದರೆ ಕಡಿಯುವ ಆರ್‌ಸಿಸಿಬಿ ಹಾಕಿಸಿ. ಮೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ (ಮನೆ ಒಟ್ಟಿಗೆ ಎಳೆಯಬಹುದಾದ ಕರೆಂಟು) ಎಷ್ಟೆಂದು ನೋಡಿ, ಕಡಿಮೆ ಇದ್ದರೆ ಜಾಸ್ತಿ ಮಾಡಿಸಿ. ಸಿಡಿಲಿನ ಸಂಜೆ ಪ್ಲಗ್ ತೆಗೆದಿಡಿ. ಅರ್ತಿಂಗ್ ಮರೆಯಬೇಡಿ. ನಮ್ಮ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ನೆಲ ಏಪ್ರಿಲ್ ಹೊತ್ತಿಗೆ ಒಣಗಿಹೋಗುತ್ತದೆ, ಆಗ ಅರ್ತ್ ಸರಿಯಾಗಿ ಸಿಗದೆ ಚಾರ್ಜರ್ ಕೆಂಪು ದೀಪ ತೋರಿಸುತ್ತದೆ. ಕಾರು ಹಾಳಾಯಿತೆಂದು ಓಡಬೇಡಿ. ಮೊದಲು ಅರ್ತಿಂಗ್ ಗುಂಡಿಗೆ ಎರಡು ಕೊಡಪಾನ ನೀರು ಹೊಯ್ದು ನೋಡಿ.