ಅನ್ನನಾಳದ ಕ್ಯಾನ್ಸರ್: ಆಪರೇಷನ್‌ಗೂ ಮೊದಲೇ ಕಿಮೋ ಏಕೆ?

ಗಂಟಲಿನಿಂದ ಜಠರಕ್ಕೆ ಇಳಿಯುವ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ. ಕರುಳಿಗಿರುವಂಥ ಹೊರಪೊರೆ ಇದಕ್ಕಿಲ್ಲ. ಒಳಪದರದ ಅಡಿಯಲ್ಲೇ ದುಗ್ಧನಾಳಗಳ (ಲಿಂಫ್ ದ್ರವ ಹರಿಯುವ ನಾಳಗಳ) ದಟ್ಟ ಬಲೆಯಿದೆ. ಹಾಗಾಗಿ ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದು ರೋಗಿ ಬರುವಷ್ಟರಲ್ಲಿ ಎಷ್ಟೋ ಸಲ ಕ್ಯಾನ್ಸರ್ ಕೋಶಗಳು ದುಗ್ಧಗ್ರಂಥಿಗಳನ್ನು ಸೇರಿಬಿಟ್ಟಿರುತ್ತವೆ. ಸ್ಕ್ಯಾನ್‌ನಲ್ಲೂ ಕಾಣದ ಆ ಚೂರುಗಳನ್ನು ಹುಡುಕಿ ಕತ್ತರಿಸಲಾಗದು. ರಕ್ತದಲ್ಲಿ ಹರಿಯುವ ಕಿಮೋ ಔಷಧ ಅಲ್ಲಿಗೂ ತಲುಪುತ್ತದೆ.

ಆಪರೇಷನ್ ಆದಮೇಲೆ ಕೊಟ್ಟರಾಗದೇ? ಅದು ಎದೆ, ಹೊಟ್ಟೆ ಎರಡನ್ನೂ ತೆರೆಯುವಂಥ ದೊಡ್ಡ ಕೆಲಸ. ಅದಾದ ಮೇಲೆ ಅನೇಕರಿಗೆ ಕಿಮೋದ ಎಲ್ಲ ಸುತ್ತುಗಳನ್ನು ತಡೆದುಕೊಳ್ಳುವ ತ್ರಾಣ ಉಳಿದಿರುವುದಿಲ್ಲ. ಮೊದಲೇ ಕೊಟ್ಟರೆ ಗಡ್ಡೆಯೂ ಕುಗ್ಗುತ್ತದೆ. 2012ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ 'ಕ್ರಾಸ್' ಅಧ್ಯಯನದಲ್ಲಿ 5 ವಾರ, ವಾರಕ್ಕೊಮ್ಮೆ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟು, ಜೊತೆಗೆ 23 ಕಂತುಗಳಲ್ಲಿ 41.4 ಗ್ರೇ ವಿಕಿರಣ ಹಾಯಿಸಿ, ಆಮೇಲೆ ಆಪರೇಷನ್ ಮಾಡಿದರು. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿಯದವರ ಪ್ರಮಾಣ ಬರೀ ಆಪರೇಷನ್ ಆದವರಲ್ಲಿ ಶೇ. 69, ಇವರಲ್ಲಿ ಶೇ. 92. ಬದುಕಿನ ಮಧ್ಯಾಂಕ ಅವಧಿ, ಅಂದರೆ ಅರ್ಧದಷ್ಟು ರೋಗಿಗಳು ದಾಟಿದ ಅವಧಿ, 24 ತಿಂಗಳಿಂದ 49ಕ್ಕೆ ಏರಿತು.

ಅಡಿನೋಕಾರ್ಸಿನೋಮಾ (ಗ್ರಂಥಿಕೋಶಗಳಿಂದ ಹುಟ್ಟುವ ಬಗೆಯ ಕ್ಯಾನ್ಸರ್) ಇದ್ದವರಿಗೆ ಈಗ 'ಫ್ಲಾಟ್' ಎಂಬ ಕಿಮೋ ಕ್ರಮ ಮುಂದಿದೆ: ನಾಲ್ಕು ಔಷಧಗಳು, ಎರಡು ವಾರಕ್ಕೊಂದು ಸುತ್ತು, ಆಪರೇಷನ್‌ಗೆ ಮುಂಚೆ 4, ನಂತರ 4. ಅದರಲ್ಲಿ ಫ್ಲೋರೋಯುರಾಸಿಲ್ 24 ಗಂಟೆ ಪಂಪಿನ ಮೂಲಕ ಹೋಗುತ್ತಿರುತ್ತದೆ. ಕಿಮೋದಿಂದ ಬಿಳಿರಕ್ತಕಣ ಇಳಿದಿರುವಾಗ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಲೇಬೇಕು. ತೂಕ ಇಳಿಯುತ್ತಿದ್ದರೆ ಕರುಳಿಗೆ ನಳಿಕೆ ಹಾಕಿ ಆಹಾರ ಕೊಡಲು ಹಿಂಜರಿಯಬಾರದು. ಸೊರಗಿದ ದೇಹದಲ್ಲಿ ಹೊಲಿಗೆ ಸರಿಯಾಗಿ ಮಾಯುವುದಿಲ್ಲ.

ಕಿಮೋ ಮುಗಿದ ಕೆಲವು ವಾರಗಳ ಮೇಲೆ ಆಪರೇಷನ್. ಅನ್ನನಾಳದ ಬಹುಭಾಗವನ್ನೂ ಸುತ್ತಲಿನ ಗ್ರಂಥಿಗಳನ್ನೂ ತೆಗೆದು, ಜಠರವನ್ನೇ ಕೊಳವೆಯಾಗಿ ಕತ್ತರಿಸಿ ಎದೆಗೋ ಕುತ್ತಿಗೆಗೋ ಎಳೆದು ಜೋಡಿಸುತ್ತಾರೆ. ಆ ಕೊಳವೆ ಬದುಕುವುದು ಬಹುಮಟ್ಟಿಗೆ ಜಠರದ ಅಂಚಿನಲ್ಲಿ ಸಾಗುವ ಒಂದೇ ಧಮನಿಯ ಮೇಲೆ. ಆ ಧಮನಿಯಿಂದ ಅತಿ ದೂರದಲ್ಲಿರುವ ತುದಿಗೆ ರಕ್ತ ಕಡಿಮೆ. ಹೊಲಿಗೆ ಬೀಳುವುದೂ ಅಲ್ಲೇ. ಸೋರಿಕೆಯ ಭಯ ಇರುವುದು ಇದಕ್ಕೇ. ಮೊದಲ ದಿನಗಳಲ್ಲಿ ನಾಡಿ ಸುಮ್ಮನೆ ಏರತೊಡಗಿದರೂ ಅನುಭವಿ ತಂಡ ಅದನ್ನು ಅಲಕ್ಷಿಸುವುದಿಲ್ಲ.

ಎರಡು ಸುತ್ತು ಕಿಮೋ ಆದಮೇಲೆ ಊಟ ಸಲೀಸಾಗಿ ಇಳಿಯತೊಡಗಿ, 'ವಾಸಿಯಾಯಿತಲ್ಲ, ಆಪರೇಷನ್ ಯಾಕೆ?' ಎನ್ನುವವರಿದ್ದಾರೆ. ಆ ಆಸೆ ಅರ್ಥವಾಗುವಂಥದ್ದೇ. ಕ್ರಾಸ್ ಚಿಕಿತ್ಸೆ ಪಡೆದು ಆಪರೇಷನ್ ಆದವರಲ್ಲಿ ಶೇ. 29 ಮಂದಿಯ ತೆಗೆದ ಅಂಗದಲ್ಲಿ ಜೀವಂತ ಕ್ಯಾನ್ಸರ್ ಕೋಶ ಒಂದೂ ಸಿಗಲಿಲ್ಲ. ಆದರೆ ಅದು ಖಚಿತವಾಗಿ ತಿಳಿದದ್ದು ಅಂಗ ಸೂಕ್ಷ್ಮದರ್ಶಕದ ಕೆಳಗೆ ಬಂದಮೇಲೆ.