ಫೈಲ್ ಬಂತು, ಹೆಸರು ಬರಲಿಲ್ಲ

ಕನ್ನಡ ಹೆಸರಿನ ಫೈಲ್‌ಗಳನ್ನು ಒತ್ತಿ ಕಟ್ಟಿದ ಗಂಟು, ಅಂದರೆ ಹಳೆಯ ಜಿಪ್ ಒಂದನ್ನು ಬಿಚ್ಚಿ ನೋಡಿ. ಹೆಸರುಗಳು ಸರಿಯಾಗಿ ಬಂದರೆ ನಿಮ್ಮ ಅದೃಷ್ಟ. ಕೆಲವು ಸಲ ಗ್ರೀಕಿನ ಆಲ್ಫಾ, ಚುಕ್ಕಿ ತುಂಬಿದ ಚೌಕ, ನಿಂತ ಗೆರೆ, ಹೀಗೆ ಏನೇನೋ ಸಾಲಾಗಿ ಬರುತ್ತವೆ. ಇನ್ನು ಕೆಲವು ಸಲ ಹೆಸರಿನ ಜಾಗದಲ್ಲಿ ಬರೀ ಅಂಡರ್‌ಸ್ಕೋರ್‌ಗಳು.

ನನಗೆ ಸಿಕ್ಕಿದ್ದು ಈ ಕೊನೆಯದು. ನನ್ನ ಸೋದರಮಾವ ಹಾಸನದ ಕಡೆ ಮೇಷ್ಟ್ರಾಗಿದ್ದವರು. 2007-08ರಲ್ಲಿ ಸುತ್ತಲ ಹಳ್ಳಿಗಳ ಹೆಂಗಸರು ಹಾಡುತ್ತಿದ್ದ ಬೀಸುವ ಪದ, ಸೋಬಾನೆ, ಕೋಲಾಟದ ಪದಗಳನ್ನು ಒಂದು ಚಿಕ್ಕ ರೆಕಾರ್ಡರ್‌ನಲ್ಲಿ ಹಿಡಿದಿಟ್ಟರು. ಒಟ್ಟು 63 ಹಾಡು. ಪ್ರತಿ ಫೈಲಿಗೂ ಹಾಡಿನ ಮೊದಲ ಸಾಲು, ಹಾಡಿದವರ ಹೆಸರು, ಊರು. ಎಲ್ಲವೂ ಕನ್ನಡದಲ್ಲೇ. ಬೇರೆ ಪಟ್ಟಿ ಬರೆದಿಡಲಿಲ್ಲ, ಹೆಸರಿನಲ್ಲೇ ಎಲ್ಲ ಇದೆಯಲ್ಲ ಅಂತ. ಡಿಸ್ಕ್ ತುಂಬಿದಾಗ ಎಲ್ಲವನ್ನೂ ಒಂದು ಉಚಿತ ತಂತ್ರಾಂಶದಲ್ಲಿ ಜಿಪ್ ಮಾಡಿ, ಸಿಡಿಗೆ ಹಾಕಿ, ಮೂಲ ಫೈಲ್‌ಗಳನ್ನು ಅಳಿಸಿದರು. 2019ರಲ್ಲಿ ನಾವು ಆ ಸಿಡಿ ತೆರೆದಾಗ ದನಿ ಇತ್ತು, ಹೆಸರು ಇರಲಿಲ್ಲ.

ಹೀಗೇಕಾಯಿತು ಅಂತ ಹುಡುಕುತ್ತಾ ಹೋದರೆ ದಾರಿ ಟೇಪಿನ ಕಾಲಕ್ಕೆ ಹೋಗುತ್ತದೆ.

1979ರ ಜನವರಿಯಲ್ಲಿ ಬೆಲ್ ಲ್ಯಾಬ್ಸ್‌ನಿಂದ ಯುನಿಕ್ಸ್ ಅನ್ನುವ ಕಾರ್ಯಾಚರಣೆ ವ್ಯವಸ್ಥೆಯ ಏಳನೇ ಆವೃತ್ತಿ ಹೊರಬಂತು. ಅದರ ಜೊತೆ ಬಂದ ಒಂದು ಕಮಾಂಡ್ ಟಾರ್. ಟೇಪ್ ಆರ್ಕೈವ್ ಅನ್ನುವುದರ ಮೊಟಕು ರೂಪ. ಮ್ಯಾಗ್ನೆಟಿಕ್ ಟೇಪಿಗೆ ಫೈಲ್‌ಗಳನ್ನು ಒಂದರ ಹಿಂದೆ ಒಂದು ಬರೆಯುವುದು ಅದರ ಕೆಲಸ. ಕಮಾಂಡಿನ ಅಕ್ಷರಗಳು ಇವತ್ತಿಗೂ ಅವೇ. 'ಸಿ' ಅಂದರೆ ಗಂಟು ಕಟ್ಟು. 'ಎಕ್ಸ್' ಅಂದರೆ ಬಿಚ್ಚು. 'ಟಿ' ಅಂದರೆ ಬಿಚ್ಚದೆ ಒಳಗೇನಿದೆ ತೋರಿಸು. ಜೊತೆಗೆ 'ಎಫ್' ಯಾಕೆ ಬೇಕು ಅಂತ ಹೊಸಬರು ಕೇಳುತ್ತಾರೆ. ಆಗ ಏನೂ ಹೇಳದಿದ್ದರೆ ಟಾರ್ ಸೀದಾ ಟೇಪಿಗೆ ಹೋಗುತ್ತಿತ್ತು. ಟೇಪ್ ಬೇಡ, ಈ ಹೆಸರಿನ ಫೈಲಿಗೆ ಬರೆ ಅಂತ ಹೇಳುವುದೇ 'ಎಫ್'. ಟೇಪ್ ನಮ್ಮ ಮೇಜಿನಿಂದ ಯಾವತ್ತೋ ಮಾಯವಾಯಿತು, 'ಎಫ್' ಮಾತ್ರ ಉಳಿಯಿತು.

ಟಾರ್‌ನಲ್ಲಿ ಪ್ರತಿ ಫೈಲಿನ ಮುಂದೆ 512 ಬೈಟ್‌ನ ಒಂದು ತಲೆಚೀಟಿ ಇರುತ್ತದೆ. ಫೈಲಿನ ಗಾತ್ರ, ಒಡೆಯ, ದಿನಾಂಕ ಎಲ್ಲ ಅದರಲ್ಲೇ. ಹೆಸರಿಗೆ ಅಂತ ಬಿಟ್ಟ ಜಾಗ 100 ಬೈಟ್. ಫೋಲ್ಡರ್‌ಗಳ ಹೆಸರೂ ಅದರೊಳಗೇ ಹಿಡಿಯಬೇಕು. ಒಂದಕ್ಷರಕ್ಕೆ ಒಂದು ಬೈಟ್ ಸಾಕಾಗುವ ಇಂಗ್ಲಿಷಿಗೆ ಅದು ಧಾರಾಳ. ಆಗಿನ ಯುನಿಕ್ಸ್‌ನಲ್ಲಿ ಒಂದು ಫೈಲಿನ ಹೆಸರು 14 ಅಕ್ಷರ ದಾಟುವಂತೆಯೇ ಇರಲಿಲ್ಲ. ಕನ್ನಡದ ಯೋಚನೆ ಅಲ್ಲಿ ಯಾರಿಗೂ ಬಂದಿರಲಿಲ್ಲ, ಬರುವ ಕಾರಣವೂ ಇರಲಿಲ್ಲ. ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ, ಕನ್ನಡವನ್ನು ಒಳಗೊಂಡ ಯುನಿಕೋಡ್‌ನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಅದನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮವನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ್ದು 1992ರಲ್ಲಿ. ಯುನಿಕ್ಸ್ ಹುಟ್ಟುಹಾಕಿದವರಲ್ಲಿ ಥಾಂಪ್ಸನ್ ಕೂಡ ಒಬ್ಬರು.

ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಅಕ್ಷರಕ್ಕೂ ಮೂರು, ಗುಣಿತದ ಚಿಹ್ನೆಗೂ ಮೂರು, ಒತ್ತಕ್ಷರ ಮಾಡುವ ವಿರಾಮಕ್ಕೂ ಮೂರು. 'ಕನ್ನಡ' ಅಂತ ಬರೆದರೆ 15 ಬೈಟ್. 'ರಾಗಿ ಬೀಸುವ ಪದ' ಅಂದರೆ 35. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 16 ಸಾಕು. 100 ಬೈಟ್‌ನಲ್ಲಿ ಹಿಡಿಯುವುದು ಕನ್ನಡದ 33 ಸಂಕೇತ ಅಷ್ಟೇ. ಮಾವನ ಥರ ಹಾಡು, ಹಾಡಿದವರು, ಊರು ಮೂರನ್ನೂ ಬರೆಯುವವರಿಗೆ ಅದು ಎಲ್ಲಿ ಸಾಲುತ್ತದೆ?

ಹಾಗಂತ ಟಾರ್ ಕನ್ನಡಕ್ಕೆ ದೊಡ್ಡ ತೊಂದರೆ ಕೊಟ್ಟಿಲ್ಲ. ಅದು ಹೆಸರನ್ನು ಓದುವುದಕ್ಕೇ ಹೋಗುವುದಿಲ್ಲ. ಸಿಸ್ಟಮ್ ಕೊಟ್ಟ ಬೈಟ್‌ಗಳನ್ನು ಹಾಗೇ ಇಡುತ್ತದೆ, ಬಿಚ್ಚುವಾಗ ಹಾಗೇ ಕೊಡುತ್ತದೆ. ಎರಡೂ ಕಡೆ ಯುಟಿಎಫ್-8 ಇದ್ದರೆ ಕನ್ನಡ ಮುಕ್ಕಾಗದೆ ದಾಟುತ್ತದೆ. ಉದ್ದದ ಸಮಸ್ಯೆಗೂ ಪರಿಹಾರಗಳು ಬಂದವು. ಯುನಿಕ್ಸ್ ಥರದ ವ್ಯವಸ್ಥೆಗಳಿಗೆ ಮಾಡಿದ 1988ರ ಪಾಸಿಕ್ಸ್ ಮಾನದಂಡ ಇನ್ನೂ 155 ಬೈಟ್ ಸೇರಿಸಿತು. ಲಿನಕ್ಸ್‌ನಲ್ಲಿ ಬಳಸುವ ಗ್ನೂ ಟಾರ್ ತನ್ನದೇ ಒಂದು ದಾರಿ ಮಾಡಿಕೊಂಡಿತು. 2001ರ ಪಾಸಿಕ್ಸ್‌ನ ಪ್ಯಾಕ್ಸ್ ವಿನ್ಯಾಸದಲ್ಲಿ ಹೆಸರು ಎಷ್ಟು ಉದ್ದವಾದರೂ ಇರಬಹುದು, ಅದು ಯುಟಿಎಫ್-8ರಲ್ಲಿ ಇರಬೇಕು ಅಂತ ಸ್ಪಷ್ಟವಾಗಿ ಬರೆದರು.

ಗಂಟನ್ನು ಒತ್ತಿ ಚಿಕ್ಕದು ಮಾಡುವ ಕೆಲಸ ಟಾರ್‌ನದಲ್ಲ. ಅದಕ್ಕೆ ಮೊದಲು ಕಂಪ್ರೆಸ್ ಇತ್ತು, ಅದರ ವಿಧಾನಕ್ಕೆ ಪೇಟೆಂಟ್ ಅಡ್ಡಬಂದಾಗ 1992ರಲ್ಲಿ ಜಿಜಿಪ್ ಬಂತು, ಆಮೇಲೆ ಬಿಜಿಪ್2, ಎಕ್ಸ್‌ಜಡ್, ಜಡ್‌ಸ್ಟ್ಯಾಂಡರ್ಡ್. ನಮ್ಮ ಕಥೆಗೆ ಇಷ್ಟು ಸಾಕು, ಇವು ಯಾವುವೂ ಒಳಗಿನ ಹೆಸರುಗಳನ್ನು ಮುಟ್ಟುವುದಿಲ್ಲ.

ತೊಡಕು ಶುರುವಾಗಿದ್ದು ಜಿಪ್‌ನ ದಾರಿಯಲ್ಲಿ. 1989ರಲ್ಲಿ ಅಮೆರಿಕದ ಫಿಲ್ ಕಾಟ್ಜ್ ಪಿಕೆಜಿಪ್ ಅನ್ನುವ ಡಾಸ್ ಕಮಾಂಡ್ ಹೊರತಂದರು. ಕಟ್ಟುವುದು, ಒತ್ತುವುದು ಎರಡೂ ಒಂದೇ ಏಟಿಗೆ. ಅದರ ವಿವರಗಳನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು. ಜಿಪ್ ಜಗತ್ತೆಲ್ಲ ಹರಡಿದ್ದಕ್ಕೆ ಈ ಧಾರಾಳತನವೂ ಒಂದು ಕಾರಣ. ಆದರೆ ಹೆಸರು ಯಾವ ಲಿಪಿಯಲ್ಲಿದೆ ಅಂತ ಹೇಳಲು ಅದರಲ್ಲಿ ಜಾಗವೇ ಇರಲಿಲ್ಲ. ಐಬಿಎಂ ಪಿಸಿಯ 437ನೇ ಕೋಡ್ ಪುಟವೇ ಲೆಕ್ಕ. 256 ಮನೆಗಳ ಒಂದು ಕೋಷ್ಟಕ ಅದು. ಇಂಗ್ಲಿಷ್, ಯುರೋಪಿನ ಕೆಲವು ಅಕ್ಷರ, ಒಂದಷ್ಟು ಗ್ರೀಕ್, ಪರದೆಯ ಮೇಲೆ ಡಬ್ಬಿ ಎಳೆಯಲು ಗೆರೆಗಳು.

ಮೊದಲು ಹೇಳಿದ ವಿಚಿತ್ರ ಸಾಲು ಬರುವುದು ಇಲ್ಲಿಂದಲೇ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತದ ಮೊದಲ ಬೈಟ್ ಒಂದೇ. 437ನೇ ಪುಟದಲ್ಲಿ ಆ ಬೈಟಿನ ಮನೆಯಲ್ಲಿ ಆಲ್ಫಾ ಕೂತಿದೆ. ಎರಡನೇ ಬೈಟಿಗೆ ಎರಡೇ ಸಾಧ್ಯತೆ. ಒಂದರ ಮನೆಯಲ್ಲಿ ಚುಕ್ಕಿಯ ಚೌಕ, ಇನ್ನೊಂದರಲ್ಲಿ ನಿಂತ ಗೆರೆ. ವ್ಯಂಜನಗಳಿಗೆಲ್ಲ ಚೌಕ ಬರುತ್ತದೆ, ವಿರಾಮಕ್ಕೂ ಬಹಳಷ್ಟು ಗುಣಿತ ಚಿಹ್ನೆಗಳಿಗೂ ಗೆರೆ ಬರುತ್ತದೆ. ಆಲ್ಫಾ ಚೌಕ, ಆಲ್ಫಾ ಗೆರೆ ಅಂತ ಸಾಲು ಕಂಡರೆ ಗಾಬರಿಯಾಗಬೇಡಿ. ನಿಮ್ಮ ಕನ್ನಡ ಅಲ್ಲೇ ಇದೆ. ಬೈಟ್‌ಗಳು ಸರಿಯಾಗಿವೆ, ಓದುವ ಕೋಷ್ಟಕ ತಪ್ಪಾಗಿದೆ. ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳ ಅನ್‌ಜಿಪ್ ಕಮಾಂಡಿಗೆ ದೊಡ್ಡ 'ಓ' ಅಕ್ಷರ ಕೊಟ್ಟು, ಮುಂದೆ ಯುಟಿಎಫ್-8 ಅಂತ ಹೇಳಿದರೆ ಹೆಸರು ಮತ್ತೆ ಕನ್ನಡವಾಗಿ ಬರುತ್ತದೆ.

ಹಾಗಾದರೆ ನಮಗೆ ಇದು ಇಷ್ಟು ವರ್ಷ ಗೊತ್ತಾಗಲಿಲ್ಲ ಯಾಕೆ? ತೊಂಬತ್ತರ ದಶಕದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದೆಂದರೆ ಫಾಂಟಿನ ಕಸರತ್ತು. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದರು. ಬರಹ, ನುಡಿ ತಂತ್ರಾಂಶಗಳಲ್ಲಿ ಫೈಲಿನ ಒಳಗೆ ಚಂದದ ಕನ್ನಡ ಬರೆಯಬಹುದಿತ್ತು. ಆದರೆ ಫೈಲಿನ ಹೆಸರನ್ನು ಸಿಸ್ಟಮ್ ತನ್ನದೇ ಫಾಂಟಿನಲ್ಲಿ ತೋರಿಸುತ್ತಿತ್ತು. ಅದಕ್ಕೇ ಒಳಗೆ ಕನ್ನಡ, ಹೊರಗೆ ಇಂಗ್ಲಿಷ್. ಒಂದು ಪೀಳಿಗೆ ಹಾಗೇ ರೂಢಿಮಾಡಿಕೊಂಡಿತು. ಇವತ್ತಿಗೂ ಎಷ್ಟೋ ಕನ್ನಡ ಬರಹಗಾರರು ಫೈಲಿಗೆ ಇಂಗ್ಲಿಷಿನಲ್ಲೇ ಹೆಸರಿಡುತ್ತಾರೆ, ಅಲ್ವಾ?

2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು, ಜೊತೆಗೆ ತುಂಗಾ ಫಾಂಟ್. ಸೆಟ್ಟಿಂಗ್‌ನಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ, ಸಿಡಿ ಹಾಕಿ ಫೈಲ್‌ಗಳನ್ನು ಸೇರಿಸಿಕೊಂಡರೆ ಯುನಿಕೋಡ್ ಕನ್ನಡ ಓಡುತ್ತಿತ್ತು. ಫೋಲ್ಡರಿಗೆ ಮೊದಲ ಸಲ ಕನ್ನಡದಲ್ಲಿ ಹೆಸರಿಟ್ಟ ಆ ಖುಷಿ ನನಗೆ ಈಗಲೂ ನೆನಪಿದೆ. ಆದರೆ ಅದೇ ಫೋಲ್ಡರನ್ನು ಜಿಪ್ ಮಾಡಲು ಹೋದರೆ, ಈ ಹೆಸರಿನಲ್ಲಿರುವ ಅಕ್ಷರಗಳನ್ನು ಇಲ್ಲಿ ಬಳಸಲಾಗದು, ಹೆಸರು ಬದಲಿಸಿ ಅನ್ನುವ ಅರ್ಥದ ಸಂದೇಶ ಬರುತ್ತಿತ್ತು.

ಜಪಾನಿ, ಚೀನಿ ಭಾಷೆಗಳಿಗೆ ಈ ಸಂದೇಶ ಅವರವರ ಊರಿನಲ್ಲಿ ಬರುತ್ತಿರಲಿಲ್ಲ. ಅವರಿಗೆ ಯುನಿಕೋಡ್‌ಗೆ ಮೊದಲೇ ಸ್ವಂತ ಕೋಡ್ ಪುಟಗಳಿದ್ದವು. ಜಿಪ್ ತಂತ್ರಾಂಶಗಳು ಅವನ್ನೇ ಬಳಸಿ ಹೆಸರು ಬರೆಯುತ್ತಿದ್ದವು. ಅವರ ಕಷ್ಟ ಇನ್ನೊಂದು ಥರ. ಟೋಕಿಯೋದಲ್ಲಿ ಕಟ್ಟಿದ ಗಂಟು ಬೇರೆ ದೇಶದಲ್ಲಿ ಬಿಚ್ಚಿದಾಗ ಹೆಸರು ಕಲಸಿಹೋಗುತ್ತಿತ್ತು. ನಮ್ಮ ಕಡೆ 1991ರಲ್ಲೇ ಇಸ್ಕಿ ಅನ್ನುವ ಭಾರತೀಯ ಮಾನದಂಡ ಇತ್ತು. ಆದರೆ ವಿಂಡೋಸ್ ಇಡೀ ಕಂಪ್ಯೂಟರಿಗೆ ಆಧಾರವಾಗಿ ಆರಿಸಿಕೊಳ್ಳುವಂಥ ಕೋಡ್ ಪುಟ ಕನ್ನಡಕ್ಕೆ ಬರಲೇ ಇಲ್ಲ. ನಾವು ನೇರ ಯುನಿಕೋಡ್‌ಗೆ ಜಿಗಿದೆವು. ಒಳ್ಳೆಯದೇ ಆಯಿತು. ಆದರೆ ಹಳೆಯ ಹಲಗೆಯ ಮೇಲೆ ನಿಂತಿದ್ದ ಜಿಪ್‌ಗೆ ನಮ್ಮನ್ನು ಕೂರಿಸಲು ಜಾಗ ಇರಲಿಲ್ಲ.

ಆಗಿನ ಬೇರೆ ಹಲವು ತಂತ್ರಾಂಶಗಳು 'ಆಗಲ್ಲ' ಅನ್ನುತ್ತಿರಲಿಲ್ಲ. ಗೊತ್ತಿಲ್ಲದ ಅಕ್ಷರದ ಜಾಗಕ್ಕೆ ಪ್ರಶ್ನೆ ಚಿಹ್ನೆ ಇಡುತ್ತಿದ್ದವು. ವಿಂಡೋಸ್‌ನಲ್ಲಿ ಫೈಲಿನ ಹೆಸರಿಗೆ ಪ್ರಶ್ನೆ ಚಿಹ್ನೆ ನಿಷಿದ್ಧ, ಹಾಗಾಗಿ ಬಿಚ್ಚುವಾಗ ಅದು ಅಂಡರ್‌ಸ್ಕೋರ್ ಆಗುತ್ತಿತ್ತು. ಎಚ್ಚರಿಕೆ ಇಲ್ಲ, ದೂರು ಇಲ್ಲ. ಕೆಲಸ ಮುಗಿಯಿತು ಅಂತ ಪರದೆ ಹೇಳುತ್ತಿತ್ತು. ಇಲ್ಲಿ ಬೈಟ್‌ಗಳೇ ಹೋಗಿರುತ್ತವೆ. ಯಾವ ಕಮಾಂಡ್ ಕೊಟ್ಟರೂ ಹೆಸರು ವಾಪಸ್ ಬರುವುದಿಲ್ಲ. ಎಕ್ಸ್‌ಪಿಯ ನಿರಾಕರಣೆ ನನಗೆ ಆಗ ಸಿಟ್ಟು ತರಿಸಿತ್ತು. ಈಗ ಅನ್ನಿಸುತ್ತದೆ, ಸುಮ್ನೆ ಒಪ್ಪಿಕೊಂಡು ಹೆಸರು ಅಳಿಸುವುದಕ್ಕಿಂತ ಆಗಲ್ಲ ಅನ್ನುವುದು ಎಷ್ಟೋ ಮೇಲು. ಮಾವನಿಗೆ ಆವತ್ತು ಒಂದೇ ಒಂದು ಎಚ್ಚರಿಕೆ ಬಂದಿದ್ದರೆ ಅವರು ಪಟ್ಟಿ ಬರೆದಿಡುತ್ತಿದ್ದರು.

ಮಾವ ರೆಕಾರ್ಡ್ ಮಾಡುವ ಮುಂಚೆಯೇ ಪರಿಹಾರ ಕಾಗದದ ಮೇಲೆ ಬಂದಿತ್ತು ಅನ್ನುವುದು ಇದರಲ್ಲಿ ಬೇಸರದ ಸಂಗತಿ. 2006ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಜಿಪ್ ವಿವರಣೆಯ 6.3 ಆವೃತ್ತಿ, ಪ್ರತಿ ಫೈಲಿನ ಜೊತೆ ಇರುವ ಸೊನ್ನೆ-ಒಂದರ ಗುರುತುಗಳಲ್ಲಿ 11ನೇ ಬಿಟ್‌ಗೆ ಒಂದು ಅರ್ಥ ಕೊಟ್ಟಿತು. ಅದು ಒಂದಾಗಿದ್ದರೆ ಹೆಸರು ಯುಟಿಎಫ್-8ರಲ್ಲಿದೆ ಅಂತ. ಒಂದು ಬಿಟ್, ಅಷ್ಟೇ. ಆದರೆ ಬರೆದದ್ದು ಜನರ ಕೈಗೆ ಬರಬೇಕಲ್ಲ. ಲಿನಕ್ಸ್‌ನಲ್ಲಿ ಎಲ್ಲರೂ ಬಳಸುವ ಇನ್ಫೋ-ಜಿಪ್ ಗುಂಪಿನ ಜಿಪ್ 3.0 ಬಂದದ್ದು 2008ರಲ್ಲಿ, ಅನ್‌ಜಿಪ್ 6.0 ಬಂದದ್ದು 2009ರಲ್ಲಿ. ವಿಂಡೋಸ್ 7ಕ್ಕೆ ಪ್ರತ್ಯೇಕ ತಿದ್ದುಪಡಿ ಹಾಕಬೇಕಿತ್ತು. 2012ರ ವಿಂಡೋಸ್ 8ರಲ್ಲಿ ಅದು ತಾನಾಗೇ ಇತ್ತು. ಮ್ಯಾಕ್ ಹೆಸರನ್ನು ಯುಟಿಎಫ್-8ರಲ್ಲೇ ಬರೆಯುತ್ತಿತ್ತು, ಆದರೆ ಆ ಬಿಟ್ ಹಚ್ಚುತ್ತಿರಲಿಲ್ಲ. ಆಲ್ಫಾ-ಚೌಕದ ಸಾಲುಗಳು ಜಾಸ್ತಿ ಬಂದದ್ದು ಈ ಸಂಧಿಕಾಲದಲ್ಲೇ.

ಮ್ಯಾಕ್‌ನದು ಇನ್ನೊಂದು ಸೂಕ್ಷ್ಮ ಇದೆ. 1998ರಿಂದ ಬಳಕೆಯಲ್ಲಿದ್ದ ಅದರ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು. 'ಕೋ' ಅಂತ ನೀವು ಟೈಪ್ ಮಾಡಿದರೆ ಕ ಮತ್ತು ಓತ್ವ, ಎರಡೇ ಸಂಕೇತ. ಮ್ಯಾಕ್ ಅದನ್ನು ಕ, ಎತ್ವ, ಊತ್ವ, ದೀರ್ಘ ಅಂತ ನಾಲ್ಕಾಗಿ ಒಡೆಯುತ್ತಿತ್ತು. ಯುನಿಕೋಡ್ ಪ್ರಕಾರ ಎರಡೂ ಸರಿ, ಕಣ್ಣಿಗೆ ಎರಡೂ ಒಂದೇ. ಆದರೆ 'ಕೋಲಾಟ' ಒಂದು ಕಡೆ 15 ಬೈಟ್, ಇನ್ನೊಂದು ಕಡೆ 21. ಮ್ಯಾಕ್‌ನಲ್ಲಿ ಕಟ್ಟಿದ ಟಾರನ್ನು ಲಿನಕ್ಸ್‌ನಲ್ಲಿ ಬಿಚ್ಚಿದರೆ, ಒಂದೇ ಫೋಲ್ಡರಿನಲ್ಲಿ 'ಕೋಲಾಟ' ಅನ್ನುವ ಎರಡು ಫೈಲ್ ಪಕ್ಕಪಕ್ಕ ಕೂರಬಹುದು. ಹುಡುಕಿದರೆ ಒಂದು ಮಾತ್ರ ಸಿಗುತ್ತದೆ. ಕನ್‌ವ್‌ಎಂವಿ ಅನ್ನುವ ಕಮಾಂಡ್ ಇದನ್ನು ಮತ್ತೆ ಕೂಡಿಸುತ್ತದೆ. 2017ರಲ್ಲಿ ಬಂದ ಎಪಿಎಫ್‌ಎಸ್ ಹೀಗೆ ಒಡೆಯುವುದಿಲ್ಲ, ಕೊಟ್ಟದ್ದನ್ನು ಕೊಟ್ಟಂತೆ ಇಡುತ್ತದೆ.

ಈಗ ಪರಿಸ್ಥಿತಿ ಬಹಳ ಸುಧಾರಿಸಿದೆ. 2018ರಿಂದ ವಿಂಡೋಸ್ 10ರಲ್ಲೂ ಟಾರ್ ಕಮಾಂಡ್ ಇದೆ. ಫ್ರೀಬಿಎಸ್‌ಡಿ ಬಳಗದಲ್ಲಿ ಹುಟ್ಟಿದ ಅದು ಜಿಪ್ಪನ್ನೂ ಬಿಚ್ಚುತ್ತದೆ. ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನ 2019ರ 3.8 ಆವೃತ್ತಿ ತನ್ನ ಟಾರ್ ಫೈಲ್‌ಗಳಿಗೆ ಪ್ಯಾಕ್ಸ್ ವಿನ್ಯಾಸವನ್ನೇ ಮೊದಲ ಆಯ್ಕೆ ಮಾಡಿಕೊಂಡಿತು. ಗ್ನೂ ಟಾರ್ ಮಾತ್ರ ಮುಂದೆ ಬದಲಿಸುತ್ತೇವೆ ಅಂತ ತನ್ನ ಕೈಪಿಡಿಯಲ್ಲಿ ಬಹುಕಾಲದಿಂದ ಹೇಳುತ್ತಾ ಬಂದಿದೆ. ಪ್ಯಾಕ್ಸ್ ಬೇಕಿದ್ದರೆ ಫಾರ್ಮ್ಯಾಟ್ ಆಯ್ಕೆಯಲ್ಲಿ ಪಾಸಿಕ್ಸ್ ಅಂತ ಬಿಡಿಸಿ ಹೇಳಬೇಕು. ನಾನು ಹಾಗೇ ಹೇಳುತ್ತೇನೆ. ಗಂಟು ಕಟ್ಟಿದ ಮೇಲೆ 'ಟಿ' ಕೊಟ್ಟು ಹೆಸರುಗಳನ್ನು ಒಂದು ಸಲ ಕಣ್ಣಾರೆ ನೋಡಿ, ಆ ಪಟ್ಟಿಯನ್ನೂ ಒಂದು ಫೈಲಾಗಿ ಪಕ್ಕದಲ್ಲಿ ಇಟ್ಟ ಮೇಲೇ ಮೂಲ ಅಳಿಸುವುದು.

ಸಿಡಿಯ 63 ಹಾಡುಗಳನ್ನು ಮಾವ, ಅತ್ತೆ, ನಾನು ಎರಡು ಬೇಸಿಗೆ ಕೂತು ಕೇಳಿದೆವು. ಮೊದಲ ಸಾಲು ಕಿವಿಗೆ ಬಿದ್ದ ಕೂಡಲೇ ಅತ್ತೆ ಹಾಡಿನ ಹೆಸರು ಹೇಳುತ್ತಿದ್ದರು. ಹಾಡಿದವರು ಯಾರು ಅನ್ನುವುದೇ ಕಷ್ಟ. ದನಿ ಗುರುತು ಹಿಡಿಯಲು ಆ ಹಳ್ಳಿಗಳಿಗೆ ಫೋನಿನಲ್ಲಿ ಹಾಡು ಕಳಿಸಿದೆವು. ಇದು ನಮ್ಮಜ್ಜಿ ಅಂತ ಇಬ್ಬರು ಅತ್ತುಕೊಂಡೇ ಉತ್ತರ ಕೊಟ್ಟರು. 41 ಹಾಡುಗಳಿಗೆ ಹೀಗೆ ಹೆಸರು ವಾಪಸ್ ಸಿಕ್ಕಿತು. ಉಳಿದ 22 ಫೈಲ್‌ಗಳಲ್ಲಿ ಹಾಡಿದವರ ಹೆಸರಿನ ಜಾಗ ಇನ್ನೂ ಖಾಲಿ ಇದೆ.